ಬೆತ್ತ: ಹಸಿ ಹಂಬಿನಿಂದ ಬುಟ್ಟಿಯ ಅಂಚಿನವರೆಗೆ

ಬೆತ್ತದ ಬುಟ್ಟಿಯ ಬಾಳಿಕೆ ಹೆಣೆಯುವ ಮೊದಲೇ ತೀರ್ಮಾನವಾಗಿರುತ್ತದೆ. ಎಳೆಯ ಹಂಬು ಒಣಗುವಾಗ ಸುಕ್ಕುಗಟ್ಟುತ್ತದೆ, ಕುಟ್ಟೆ ಹುಳುವೂ ಬೇಗ ಹತ್ತುತ್ತದೆ. ಹಾಗಾಗಿ ನಾನು ಮೊದಲು ನೋಡುವುದು ಬುಡವನ್ನು. ಅಲ್ಲಿನ ಮುಳ್ಳುಹಾಳೆ ಒಣಗಿ ಕಳಚಿರಬೇಕು, ಬರಿದಾದ ಹಂಬು ಗಟ್ಟಿಯಾಗಿರಬೇಕು. ಕಾಡಿನ ಬೆತ್ತ ಅರಣ್ಯ ಉತ್ಪನ್ನ, ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ.

ಪಶ್ಚಿಮ ಘಟ್ಟದ ಹಂದಿಬೆತ್ತ, ನಾಗಬೆತ್ತ ದಪ್ಪನೆಯವು, ಕುರ್ಚಿಯ ಚೌಕಟ್ಟಿಗೆ ಒಳ್ಳೆಯವು. ಹೆಣಿಗೆಗೆ ಬೆರಳಿಗಿಂತ ಸಣ್ಣ ಬೆತ್ತ ಬೇಕು. ನೆಲದಿಂದ ಒಂದು ಅಡಿ ಬಿಟ್ಟು ಕಡಿಯುತ್ತೇನೆ, ಬುಡದ ಎಳೆ ಮೊಳಕೆಗಳನ್ನು ಮುಟ್ಟುವುದಿಲ್ಲ. ಕಡಿದ ಹಂಬು ತುದಿಯಲ್ಲಿ ಮತ್ತೆ ಚಿಗುರುವುದಿಲ್ಲ, ಮುಂದಿನ ಬೆತ್ತವೆಲ್ಲ ಆ ಮೊಳಕೆಗಳಿಂದಲೇ ಬರಬೇಕು. ಎಳೆಯುವಾಗ ಹಂಬಿನ ನೇರ ಕೆಳಗೆ ನಿಲ್ಲಬಾರದು. ಕೊಕ್ಕೆಮುಳ್ಳು ಮೇಲಿನ ಒಣಕೊಂಬೆಗಳನ್ನು ಹಿಡಿದಿರುತ್ತದೆ, ಅವೂ ಜೊತೆಗೆ ಬೀಳುತ್ತವೆ. ತುದಿಯ ಮೆತ್ತನೆ ಭಾಗವನ್ನು ಅಲ್ಲೇ ಬಿಟ್ಟುಬಿಡುತ್ತೇನೆ.

ಮುಂದಿನ ಕೆಲಸಕ್ಕೆ ತಡ ಸಲ್ಲದು. ಹಸಿ ಬೆತ್ತ ರಾಶಿಯಲ್ಲಿ ಬಿದ್ದಿದ್ದರೆ ಕೆಲವೇ ದಿನಗಳಲ್ಲಿ ಬೂಸು ಹಿಡಿದು ನೀಲಿ-ಬೂದು ಕಲೆ ಒಳಗಿಳಿಯುತ್ತದೆ. ಉಜ್ಜಿದರೂ ಅದು ಹೋಗದು. ಹಾಳೆ ಸುಲಿದು, ಮರಳು ಮತ್ತು ತೆಂಗಿನ ನಾರಿನಿಂದ ತಿಕ್ಕಿ ತೊಳೆದು, ಗಾಳಿಯಾಡುವ ಕಡೆ ನಿಲ್ಲಿಸಿ ಒಣಗಿಸುತ್ತೇನೆ. ದಪ್ಪ ಬೆತ್ತದ ನೀರು, ಅಂಟು ಬರೀ ಬಿಸಿಲಿಗೆ ಸರಿಯಾಗಿ ಹೊರಬರುವುದಿಲ್ಲ. ಅದನ್ನು ಬಿಸಿ ಎಣ್ಣೆಯಲ್ಲಿ ಕುದಿಸಿ, ಒರೆಸಿ, ಆಮೇಲೆ ಒಣಗಿಸಬೇಕು.

ಬಿದಿರಿನಂತೆ ಬೆತ್ತ ಟೊಳ್ಳಲ್ಲ, ಆದ್ದರಿಂದ ಸೀಳುವುದರಲ್ಲೇ ಕೈಚಳಕ. ಗಣ್ಣುಗಳನ್ನು ಕತ್ತಿಯಿಂದ ಸವರಿ ಸಮ ಮಾಡಿ, ತುದಿಯಲ್ಲಿ ಅಡ್ಡ-ಉದ್ದ ಗೀರಿ ನಾಲ್ಕು ಸೀಳು ತೆಗೆಯುತ್ತೇನೆ. ಸೀಳು ಒಂದು ಬದಿಗೆ ಓಡಿ ತೆಳ್ಳಗಾದರೆ, ದಪ್ಪಗಿರುವ ಬದಿಯನ್ನು ಹೆಚ್ಚು ಬಾಗಿಸಿ ಎಳೆದರೆ ಅದು ಮತ್ತೆ ನಡುವಿಗೆ ಬರುತ್ತದೆ. ಕತ್ತಿಯನ್ನು ಬಲವಾಗಿ ಒತ್ತಿ ತಿದ್ದಲು ಹೋದರೆ ಎಳೆ ತುಂಡಾಗುತ್ತದೆ. ಕೊನೆಗೆ ಒಳಗಿನ ತಿರುಳನ್ನು ಹೆರೆದು ಒಂದೇ ದಪ್ಪಕ್ಕೆ ತರಬೇಕು. ಬೇಸರ ತರುವ ಕೆಲಸವಾದರೂ ಇಲ್ಲಿ ಅವಸರ ಮಾಡಿದರೆ ಬುಟ್ಟಿ ಓರೆಯಾಗುತ್ತದೆ.

20 ಸೆಂ.ಮೀ. ತಳ, 15 ಸೆಂ.ಮೀ. ಎತ್ತರದ ಬುಟ್ಟಿಗೆ ನಿಲುವು ಕಡ್ಡಿ (ತಳದಲ್ಲಿ ಹಾಸಿ ಎರಡೂ ಬದಿಗೆ ಮೇಲೆತ್ತುವ, ಎಳೆಯನ್ನು ಸುತ್ತ ಹೆಣೆಯುವ ಆಧಾರದ ಕಡ್ಡಿ) ತಲಾ 90 ಸೆಂ.ಮೀ. ಬೇಕು: ತಳಕ್ಕೆ 20, ಎರಡು ಬದಿಗೆ 30, ಅಂಚು ಮಡಚಲು 40. ನಾಲ್ಕರ ಮೇಲೆ ನಾಲ್ಕು ಅಡ್ಡ ಇಟ್ಟರೆ 16 ತುದಿಗಳಾಗುತ್ತವೆ. ಒಂದೇ ಎಳೆಯಲ್ಲಿ ಹೆಣೆಯುವುದಾದರೆ ಇನ್ನೊಂದು ಅರ್ಧ ಕಡ್ಡಿ ಸಿಕ್ಕಿಸಿ 17 ಮಾಡಿಕೊಳ್ಳುತ್ತೇನೆ. ಸಮಸಂಖ್ಯೆಯಿದ್ದರೆ ಪ್ರತಿ ಸುತ್ತಿನಲ್ಲೂ ಎಳೆ ಅದೇ ಕಡ್ಡಿಗಳ ಮುಂದೆಯೇ ಬಂದು ಹೆಣಿಗೆ ಕೂಡುವುದಿಲ್ಲ. ಎಳೆಗಳನ್ನು ಅರ್ಧ ಗಂಟೆ ನೆನೆಸಿದರೆ ಸಾಕು. ರಾತ್ರಿಯಿಡೀ ನೀರಿನಲ್ಲಿಟ್ಟರೆ ನಾರು ಎದ್ದು ಬಣ್ಣಗೆಡುತ್ತದೆ. ಹೊಳಪಿನ ಮೈ ಹೊರಗಿರಲಿ. ಒದ್ದೆ ಎಳೆ ಒಣಗಿದಾಗ ಕುಗ್ಗುವುದರಿಂದ ಪ್ರತಿ ಸುತ್ತನ್ನೂ ಕೆಳಕ್ಕೆ ಬಡಿದು ಕೂರಿಸಬೇಕು, ಇಲ್ಲದಿದ್ದರೆ ಸಂದು ಕಾಣುತ್ತದೆ.

ಅಂಚು ಮಡಚುವ ಮೊದಲು ನಿಲುವು ಕಡ್ಡಿಗಳನ್ನು ಇನ್ನೊಮ್ಮೆ ನೆನೆಸಲೇಬೇಕು, ಒಣಗಿದ್ದರೆ ಆ ತಿರುವಿನಲ್ಲೇ ಮುರಿಯುತ್ತವೆ. ಮುಗಿದ ಬುಟ್ಟಿಯ ಮೇಲೆ ಎದ್ದಿರುವ ನಾರನ್ನು ಉರಿಯಲ್ಲಿ ಕ್ಷಣ ಮಾತ್ರ ತೋರಿಸಿ ಸುಟ್ಟು, ನೆರಳಿನಲ್ಲಿ ಒಣಗಲು ಇಡುತ್ತೇನೆ.