ಲೇಸರ್ ಸ್ಕ್ಯಾನ್ ಮಾದರಿ ಕೊನೆಗೂ ಲೆಕ್ಕಕ್ಕೆ ಒಗ್ಗಿದ್ದು

ಚಿತ್ರದುರ್ಗದ ಕಡೆಯ ಹಳೇ ಕಲ್ಲಿನ ಮಂಟಪವೊಂದರ ಲೇಸರ್ ಸ್ಕ್ಯಾನ್ ಕೈಗೆ ಬಂದಿತ್ತು. ಏಳು ಸುತ್ತಿನ ಕೋಟೆಯ ಊರಲ್ಲಿ ಇಂಥವಕ್ಕೆ ಬರವೇ? ಕಂಬ ಎಷ್ಟು ವಾಲಿದೆ, ತೊಲೆ ಎಷ್ಟು ಸರಿದಿದೆ ಎಲ್ಲಾ ಸ್ಪಷ್ಟ. ಆದರೆ ಕಟ್ಟಡವನ್ನು ಸಣ್ಣ ಸಣ್ಣ ತುಣುಕಾಗಿ ಒಡೆದು ಎಲ್ಲಿ ಎಷ್ಟು ಒತ್ತಡ ಬೀಳುತ್ತದೆಂದು ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ಸಾಫ್ಟ್‌ವೇರ್‌ಗೆ ಹಾಕಿದರೆ ಓಡುತ್ತಲೇ ಇರಲಿಲ್ಲ.

ಸ್ಕ್ಯಾನರ್‌ಗೆ ಕಾಣೋದು ಕಲ್ಲಿನ ಮೈ ಮಾತ್ರ. ಬೋದಿಗೆಯ (ಕಂಬದ ತಲೆಗಲ್ಲಿನ) ಮೇಲೆ ತೊಲೆ ಕೂತ ಜಾಗಕ್ಕೆ ಬೆಳಕು ಹೋಗಲ್ಲ, ಅಲ್ಲೆಲ್ಲ ತೂತು. ತೂತು ಮುಚ್ಚಿಸಿದರೆ ಕಂಬ, ಬೋದಿಗೆ, ತೊಲೆ ಒಂದೇ ಎರಕದಂತೆ ಅಂಟಿಕೊಳ್ಳುತ್ತವೆ. ಗಾರೆಯಿಲ್ಲದೆ ಬರೀ ಭಾರದಿಂದ ನಿಂತ ಕಟ್ಟಡಕ್ಕೆ ಇದು ಶುದ್ಧ ಸುಳ್ಳು. ಸಂದಿಗಳಿಗೆ ಇಲ್ಲದ ಎಳೆತ ತಡೆಯುವ ಶಕ್ತಿ ಬಂದುಬಿಡುತ್ತೆ.

ಹಾಗಾಗಿ ಸ್ಕ್ಯಾನ್‌ನಿಂದ ನೇರ ಬಂದ ಆ ಮೆಶ್ (ಮೇಲ್ಮೈಯ ಬಲೆ) ಕೈಬಿಟ್ಟೆ. ಕ್ಲೌಡ್‌ಕಂಪೇರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಸ್ಕ್ಯಾನರ್ ಅಳೆದ ಬಿಂದುಗಳ ರಾಶಿಯನ್ನು ಸೌತೆಕಾಯಿ ಹೆಚ್ಚಿದಂತೆ ಅಡ್ಡಡ್ಡ ಸೀಳಿ, ಪ್ರತಿ ಹೋಳಿನ ಅಂಚು ಎಳೆದು, ಒಂದೊಂದು ಕಲ್ಲನ್ನೂ ಬೇರೆ ಬೇರೆ ಘನ ತುಂಡಾಗಿ ಕಟ್ಟಿದೆ. ಸಣ್ಣ ಕೆತ್ತನೆ ಬಿಟ್ಟೆ. ವಾಲಿಕೆ ಮಾತ್ರ ಇದ್ದ ಹಾಗೇ ಉಳಿಸಿದೆ. (ಅದನ್ನೂ ನೇರ ಮಾಡೋದಾದರೆ ಸ್ಕ್ಯಾನ್ ಯಾಕೆ, ಟೇಪೇ ಸಾಕಿತ್ತು.) ತುಂಡುಗಳ ನಡುವೆ ಒತ್ತಡ, ಘರ್ಷಣೆ ಮಾತ್ರ ದಾಟುವ ಸಂಪರ್ಕ ಕೊಟ್ಟೆ.

ಮೊದಲು ಹೊಸ ಮಾದರಿಗೂ ಮೂಲ ಬಿಂದುಗಳಿಗೂ ಇರುವ ಅಂತರ ನೋಡಿದೆ. ಆಮೇಲೆ ಗ್ರಾನೈಟಿಗೆ ಘನ ಮೀಟರಿಗೆ ಸುಮಾರು 2,700 ಕೆಜಿ ಹಿಡಿದು ಒಟ್ಟು ತೂಕ ಕಟ್ಟಿ, ಬುಡದ ಪ್ರತಿಕ್ರಿಯೆಗಳ (ನೆಲ ಮೇಲಕ್ಕೆ ಒತ್ತುವ ಬಲಗಳ) ಮೊತ್ತದ ಜೊತೆ ತಾಳೆ ಹಾಕಿದೆ. ಕೂತಿತು.

ಈಗ ವಾಲಿದ ಕಂಬದ ತಲೆಯ ಸಂದಿ ಲೆಕ್ಕದಲ್ಲೂ ಬಾಯಿ ಬಿಡುತ್ತದೆ, ಸ್ಕ್ಯಾನ್‌ನಲ್ಲಿ ಬಿಟ್ಟ ಕಡೆಯೇ. ಹಿಂಬದಿ ಗೋಡೆಯ ಹೊಟ್ಟೆಯಲ್ಲಿ ಏನು ತುಂಬಿದ್ದಾರೋ, ಅದು ಲೇಸರ್‌ಗೆ ಸಿಗಲ್ಲ; ಅದಕ್ಕೆ ರೇಡಾರ್ ತರಿಸಬೇಕು.