ಕೆರೆಯ ಹಕ್ಕಿಗಳ ವೈವಿಧ್ಯ ಸೂಚ್ಯಂಕವನ್ನು ಲೆಕ್ಕ ಹಾಕುವ ಕ್ರಮ

ಒಂದು ಜಾಗದಲ್ಲಿ ಎಷ್ಟು ಬಗೆಯ ಹಕ್ಕಿಗಳಿವೆ, ಅವುಗಳ ಸಂಖ್ಯೆ ಎಷ್ಟು ಸಮವಾಗಿ ಹಂಚಿದೆ ಎಂಬುದನ್ನು ಒಂದೇ ಅಂಕಿಯಲ್ಲಿ ಹೇಳುವುದೇ ವೈವಿಧ್ಯ ಸೂಚ್ಯಂಕ. ತುಮಕೂರಿನ ಅಮಾನಿಕೆರೆಯ ದಂಡೆಯಲ್ಲಿ ಒಂದು ಬೆಳಿಗ್ಗೆ ನಾಮದ ಕೋಳಿ 25, ಸಣ್ಣ ಬೆಳ್ಳಕ್ಕಿ 15, ಗುಳುಮುಳುಕ 10, ಹೀಗೆ ಒಟ್ಟು 50 ಹಕ್ಕಿಗಳನ್ನು ಎಣಿಸಿದಿರಿ ಎಂದಿಟ್ಟುಕೊಳ್ಳೋಣ. ಪ್ರತಿ ಪ್ರಭೇದದ ಸಂಖ್ಯೆಯನ್ನು ಒಟ್ಟು ಸಂಖ್ಯೆಯಿಂದ ಭಾಗಿಸಿದರೆ 0.5, 0.3 ಮತ್ತು 0.2 ಎಂಬ ಪಾಲುಗಳು ದೊರೆಯುತ್ತವೆ.

1948ರಲ್ಲಿ ಗಣಿತಜ್ಞ ಕ್ಲಾಡ್ ಶಾನನ್ ರೂಪಿಸಿದ ಸೂಚ್ಯಂಕಕ್ಕೆ ಪ್ರತಿ ಪಾಲನ್ನು ಅದರದೇ ಸ್ವಾಭಾವಿಕ (ಇ, ಅಂದರೆ ಸುಮಾರು 2.718ರ ಆಧಾರದ) ಲಾಗರಿದಮ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಋಣ ಚಿಹ್ನೆಯನ್ನು ತೆಗೆಯಬೇಕು. ಇಲ್ಲಿ 0.347, 0.361 ಮತ್ತು 0.322 ಸೇರಿ 1.03 ಬರುತ್ತದೆ. ಎಕ್ಸೆಲ್‌ನಲ್ಲಿ 'ಎಲ್‌ಎನ್' ಬದಲು 'ಲಾಗ್' ಬಳಸಿದರೆ ಅದು 10ರ ಆಧಾರವನ್ನು ಹಿಡಿದು 0.45 ಎಂದು ತೋರಿಸುತ್ತದೆ. ಎರಡು ಕೆರೆಗಳನ್ನು ಹೋಲಿಸುವಾಗ ಹೆಚ್ಚಾಗಿ ಎಡವುವುದು ಇಲ್ಲಿಯೇ.

ಮೂರು ಪ್ರಭೇದಗಳಿಗೆ ಸಾಧ್ಯವಿರುವ ಗರಿಷ್ಠ ಮೌಲ್ಯ (ಮೂರೂ ಒಂದೇ ಸಂಖ್ಯೆಯಲ್ಲಿದ್ದಾಗ) 1.10 ಆಗಿರುವುದರಿಂದ, 1.03ನ್ನು ಅದರಿಂದ ಭಾಗಿಸಿದಾಗ ಬರುವ 0.94 ಸಮತೆಯನ್ನು, ಅಂದರೆ ಹಕ್ಕಿಗಳು ಪ್ರಭೇದಗಳ ನಡುವೆ ಎಷ್ಟು ಸಮವಾಗಿ ಹಂಚಿವೆ ಎಂಬುದನ್ನು, ಸೂಚಿಸುತ್ತದೆ. ಸಿಂಪ್ಸನ್ ಸೂಚ್ಯಂಕ ಇನ್ನೂ ಸುಲಭ: ಪಾಲುಗಳ ವರ್ಗಗಳ ಮೊತ್ತ 0.38ನ್ನು 1ರಿಂದ ಕಳೆದರೆ 0.62. ಇದು ಹೇರಳವಾಗಿರುವ ಪ್ರಭೇದಗಳಿಗೆ ಹೆಚ್ಚು ತೂಕ ಕೊಡುವುದರಿಂದ, ಅಪರೂಪದ ಹಕ್ಕಿಗಳೇ ಮುಖ್ಯವಾದಲ್ಲಿ ಶಾನನ್ ಸೂಚ್ಯಂಕವೇ ಮೇಲು ಎಂಬುದು ನನ್ನ ಅಭಿಪ್ರಾಯ.

ಸೂತ್ರಕ್ಕಿಂತ ಎಣಿಕೆಯೇ ಕಷ್ಟದ ಕೆಲಸ. ಬಿಳಿಯದನ್ನೆಲ್ಲ 'ಬೆಳ್ಳಕ್ಕಿ' ಎಂದು ಒಂದೇ ಸಾಲಿನಲ್ಲಿ ಬರೆದರೆ ಹಲವು ಪ್ರಭೇದಗಳು ಒಂದಾಗಿ, ಸೂಚ್ಯಂಕ ಇರುವುದಕ್ಕಿಂತ ತಗ್ಗುತ್ತದೆ.