ನ್ಯೂಯಾರ್ಕಿನ ಕ್ವೀನ್ಸ್‌ಗೆ ಹೊಸದಾಗಿ ಬಂದವರಿಗೆ: ನಾವು ಮಕ್ಕಳನ್ನು ಆಟಕ್ಕೆ ಬಿಡುತ್ತಿದ್ದ ಪಾರ್ಕು

ಸೋಶಿಯಲ್ ಸೆಕ್ಯುರಿಟಿ ನಂಬರು, ಬ್ಯಾಂಕ್ ಖಾತೆ, ಮಕ್ಕಳ ಲಸಿಕೆ ಕಾಗದ, ಇವನ್ನೆಲ್ಲ ಮೊದಲ ಎರಡು ವಾರದಲ್ಲೇ ಮುಗಿಸಿಬಿಡಿ. ಹೇಗೆ ಅಂತ ಆಫೀಸಿನವರೇ ಹೇಳುತ್ತಾರೆ. ನನಗೆ ಬಂದಾಗ ಯಾರೂ ಹೇಳದೆ ಇದ್ದ ಒಂದು ವಿಷಯ ಇಲ್ಲಿ ಬರೆಯುತ್ತಿದ್ದೇನೆ.

ಫ್ಲಶಿಂಗ್ ಗಣಪತಿ ದೇವಸ್ಥಾನ ನಿಮಗೆ ಹೇಗೂ ಗೊತ್ತಾಗುತ್ತದೆ. ಮೊದಲ ಭಾನುವಾರವೇ ಯಾರಾದರೂ ಕರೆದುಕೊಂಡು ಹೋಗಿ, ಕ್ಯಾಂಟೀನಿನಲ್ಲಿ ದೋಸೆ ಕೊಡಿಸುತ್ತಾರೆ. ಅಲ್ಲಿಂದ ಸ್ವಲ್ಪ ದೂರದಲ್ಲಿ, 46ನೇ ಅವೆನ್ಯೂನಲ್ಲಿ, 164 ಮತ್ತು 165ನೇ ಸ್ಟ್ರೀಟ್‌ಗಳ ನಡುವೆ ಒಂದು ಪಾರ್ಕು ಇದೆ. 1996ರಲ್ಲಿ ನಾವು ಬಂದಾಗ ಅದು ಮಕ್ಕಳ ಆಟದ ಜಾಗ. ಪೂಜೆ ಮುಗಿಸಿ ಮಗಳನ್ನು ಅಲ್ಲಿ ಬಿಡುತ್ತಿದ್ದೆವು. ನಾವು ಬೆಂಚಿನ ಮೇಲೆ ಕೂತು ಪ್ರಸಾದದ ಪುಳಿಯೋಗರೆ ತಿನ್ನುತ್ತಿದ್ದೆವು. ಅದು ಸ್ಮಶಾನ ಅಂತ ಗೊತ್ತೇ ಇರಲಿಲ್ಲ.

ಕಾಲರಾ, ಸಿಡುಬಿನಿಂದ ಸತ್ತವರನ್ನು ಹೂಳಲು ಫ್ಲಶಿಂಗ್ ಊರಿನವರು 1840ರಲ್ಲಿ ಕೊಂಡ ಜಾಗ ಅದು. ಆಮೇಲೆ ಅಲ್ಲಿ ಸೇರಿದವರಲ್ಲಿ ಕಪ್ಪು ಜನರು ಮತ್ತು ಈ ನೆಲದ ಮೂಲ ಜನರೇ ಜಾಸ್ತಿ. ನ್ಯೂಯಾರ್ಕಿನಲ್ಲಿ ಗುಲಾಮಗಿರಿ 1827ರಲ್ಲೇ ಮುಗಿದಿತ್ತು, ಆದರೆ ಸತ್ತ ಮೇಲೂ ಎಲ್ಲರಿಗೂ ಒಂದೇ ಸ್ಮಶಾನ ಅನ್ನುವುದು ಬರಲಿಲ್ಲ. ನಮ್ಮ ಊರುಗಳಲ್ಲಿ ಯಾರ ಸ್ಮಶಾನ ಎಲ್ಲಿರುತ್ತದೆ ಅಂತ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? 1881ರಿಂದ 1898ರವರೆಗಿನ ದಾಖಲೆ ಸಿಕ್ಕಿದೆ. ಆ ವರ್ಷಗಳಲ್ಲಿ ಹೂತವರಲ್ಲಿ ಅರ್ಧಕ್ಕಿಂತ ಹೆಚ್ಚು ಐದು ವರ್ಷದೊಳಗಿನ ಮಕ್ಕಳು. 1936ರಲ್ಲಿ ನಗರದವರು ಅದರ ಮೇಲೆಯೇ ಆಟದ ಮೈದಾನ ಕಟ್ಟಿದರು. ಅಗೆಯುವಾಗ ಕೆಲಸದವರಿಗೆ ತಲೆಬುರುಡೆಗಳ ಕಣ್ಣಿನ ಗುಂಡಿಯಲ್ಲಿ ಕಾಸು ಸಿಕ್ಕಿತಂತೆ. ಹೆಣದ ಹಣೆಗೆ ಕಾಸು ಅಂಟಿಸುವುದನ್ನು ನೀವೂ ನೋಡಿರುತ್ತೀರಿ. ಯಾರೋ ಅಳುತ್ತಾ ಇಟ್ಟ ಕಾಸು ಅದು. ಆದರೂ ಕಟ್ಟುವುದನ್ನು ನಿಲ್ಲಿಸಲಿಲ್ಲ.

ಗೊತ್ತಿಲ್ಲದೆ ಕೂತಿದ್ದನ್ನು ಕ್ಷಮಿಸಬಹುದು. ಗೊತ್ತಾದ ಮೇಲೆ ಆಡಿದ ಮಾತು ನನ್ನನ್ನು ಇವತ್ತಿಗೂ ಸುಡುತ್ತದೆ. ಮ್ಯಾಂಡಿಂಗೋ ಶಾಕಾ ಎಂಬ ಹಿರಿಯರು 90ರ ದಶಕದಲ್ಲಿ ಈ ಜಾಗಕ್ಕಾಗಿ ಹೋರಾಡುತ್ತಿದ್ದರು. ಆಗ ನಾನು ಗೆಳೆಯರ ಮುಂದೆ, "ಸತ್ತವರಿಗೋಸ್ಕರ ಮಕ್ಕಳ ಉಯ್ಯಾಲೆ ಯಾಕೆ ಕೀಳಬೇಕು? ಸುಮ್ನೆ ಗಲಾಟೆ" ಅಂದೆ. ವರ್ಷಕ್ಕೊಮ್ಮೆ ಪಿತೃಪಕ್ಷದಲ್ಲಿ ಎಡೆ ಇಡುವ ಮನೆಯಿಂದ ಬಂದವನು ನಾನು. 2021ರಲ್ಲಿ ಅಲ್ಲಿ ಸ್ಮಾರಕ ಆಯಿತು. ಗೊತ್ತಾದಷ್ಟು ಹೆಸರುಗಳನ್ನು ಕೆತ್ತಿದ್ದಾರೆ. ಹೋಗಿ, ಒಂದೊಂದೇ ಹೆಸರು ಓದಿ. ಊಟದ ಡಬ್ಬಿ ಕಾರಿನಲ್ಲೇ ಇರಲಿ.

ಇನ್ನೊಂದು ತಪ್ಪು. ಹೊಸ ಕನ್ನಡಿಗರು ಸಿಕ್ಕರೆ "ನಿಮ್ಮ ನೇಟಿವ್ ಯಾವುದು?" ಅಂತ ನಾವು ಮೊದಲು ಕೇಳುತ್ತೇವೆ. ಇಲ್ಲಿನ ನೇಟಿವ್ ಯಾರು ಅಂತ ಮಗಳು ಕೇಳಿದಾಗ ಮಾತ್ರ, "ಅವರೆಲ್ಲ ಹೋಗಿಬಿಟ್ಟರು ಮರಿ" ಅಂದೆ. ಇಲ್ಲಿನವರು ಮ್ಯಾಟಿನೆಕಾಕ್ ಜನ. 1931ರಲ್ಲಿ ನಾರ್ದರ್ನ್ ಬುಲೆವಾರ್ಡ್ ಅಗಲ ಮಾಡಲು ಅವರ ಸ್ಮಶಾನವನ್ನೇ ಅಗೆದು, ಎಲುಬುಗಳನ್ನು ಡಗ್ಲಸ್ಟನ್‌ನ ಜಾಯನ್ ಚರ್ಚಿನ ಅಂಗಳಕ್ಕೆ ಸಾಗಿಸಿದರು. ಎರಡು ಹೋಳಾದ ದೊಡ್ಡ ಬಂಡೆ ಅಲ್ಲಿದೆ. ಮ್ಯಾಟಿನೆಕಾಕರ ಕೊನೆಯವರು ಇಲ್ಲಿ ಮಲಗಿದ್ದಾರೆ ಅಂತ ಅದರ ಮೇಲೆ ಬರೆದಿದೆ. ಆ ಕಲ್ಲು ಹೇಳುವುದು ತಪ್ಪು, ನಾನು ಹೇಳಿದ್ದೂ ತಪ್ಪು. ಅವರ ವಂಶದವರು ಇವತ್ತಿಗೂ ಕ್ವೀನ್ಸ್‌ನಲ್ಲಿದ್ದಾರೆ. ನಿಮ್ಮ ಮಕ್ಕಳು ಕೇಳಿದಾಗ "ಇದ್ದರು" ಅನ್ನಬೇಡಿ, "ಇದ್ದಾರೆ" ಅನ್ನಿ.

ಇಮಿಗ್ರೇಶನ್ ಕೆಲಸಕ್ಕೆ ಒಂದಲ್ಲ ಒಂದು ದಿನ ಮ್ಯಾನ್‌ಹಟನ್‌ನ 26 ಫೆಡರಲ್ ಪ್ಲಾಜಾಕ್ಕೆ ಹೋಗುತ್ತೀರಿ. ಕೆಲಸ ಮುಗಿದ ಮೇಲೆ ಡ್ಯುಯೇನ್ ಸ್ಟ್ರೀಟ್ ದಾಟಿ. ಅಲ್ಲಿದೆ ಆಫ್ರಿಕನ್ ಬರಿಯಲ್ ಗ್ರೌಂಡ್, ಗುಲಾಮರಾಗಿದ್ದ ಮತ್ತು ಸ್ವತಂತ್ರರಾಗಿದ್ದ ಆಫ್ರಿಕನ್ನರ ಹಳೆಯ ಸ್ಮಶಾನ. 1991ರಲ್ಲಿ ಸರ್ಕಾರಿ ಕಟ್ಟಡಕ್ಕೆ ಪಾಯ ಅಗೆಯುವಾಗ ಸಮಾಧಿಗಳು ಸಿಕ್ಕವು. ಆ ಸುತ್ತಿನಲ್ಲಿ ಸುಮಾರು 15,000 ಜನರನ್ನು ಹೂತಿದ್ದಿರಬಹುದು ಅನ್ನುತ್ತಾರೆ. ಹೊರಗೆ ತೆಗೆದ 419 ಜನರ ಎಲುಬುಗಳನ್ನು 2003ರಲ್ಲಿ ಮತ್ತೆ ಅಲ್ಲೇ ಮಣ್ಣು ಮಾಡಿದರು. ಹುಲ್ಲು ಬೆಳೆದ ಏಳು ದಿಬ್ಬಗಳಿವೆ, ಅವುಗಳ ಮೇಲೆ ಕೂರಬೇಡಿ. ಒಬ್ಬ ಹೆಂಗಸಿನ ಸೊಂಟದ ಸುತ್ತ ಗಾಜಿನ ಮಣಿಗಳೂ ಕವಡೆಗಳೂ ಸಿಕ್ಕವು. ಅದನ್ನು ಓದಿದ ದಿನ ನನಗೆ ಮಗಳ ಉಡಿದಾರ ನೆನಪಾಯಿತು. ಅವಳಿಗೆ ನಾಮಕರಣದಲ್ಲಿ ಅದನ್ನು ಕಟ್ಟಿದ್ದು ನನ್ನ ಅಮ್ಮ. ಇಲ್ಲಿಗೆ ಬಂದ ಮೇಲೆ ಡೇಕೇರಿನಲ್ಲಿ ಕೇಳುತ್ತಾರೆ ಅಂತ ನಾವೇ ಬಿಚ್ಚಿಟ್ಟೆವು. ಆ ಹೆಂಗಸು ಮಣ್ಣಿನಲ್ಲೂ ಬಿಚ್ಚಿರಲಿಲ್ಲ.

ಅಲ್ಲಿಂದ ಹೊರಗೆ ಬರುವಾಗ ಮಗಳು, "ಅಪ್ಪ, ನಮ್ಮ ಕಡೆ ಹೀಗೆ ಇರಲಿಲ್ವಾ?" ಅಂದಳು. ಇಲ್ಲ ಅಂದೆ. ಸಬ್‌ವೇ ಹತ್ತಿದ ಮೇಲೆ ಅಜ್ಜನಮನೆ ನೆನಪಾಯಿತು. ಯಲ್ಲಾಪುರದ ಹತ್ತಿರ. ಅಡಿಕೆ ತೋಟದ ಕೆಲಸಕ್ಕೆ ಒಬ್ಬ ಸಿದ್ದಿ ಹೆಂಗಸು ಬರುತ್ತಿದ್ದಳು. ಆಫ್ರಿಕಾದಿಂದ ಬಂದವರ ಮಕ್ಕಳ ಮಕ್ಕಳು ಅವರು. ಎಷ್ಟೋ ಜನರನ್ನು ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದಿದ್ದರು. ಅಂಗಳದ ಆಚೆ ಕೂತವಳಿಗೆ ಬೇರೆ ಲೋಟದಲ್ಲಿ ಚಹಾ ಕೊಡುತ್ತಿದ್ದರು. ಅವಳು ನನ್ನನ್ನು ಎತ್ತಿಕೊಂಡು ಹಳ್ಳ ದಾಟಿಸಿದ್ದಾಳೆ. ಅವಳನ್ನು ನಾವು ಸಿದ್ದಿ ಅಂತಲೇ ಕರೆಯುತ್ತಿದ್ದೆವು.

ಮನೆಗೆ ಬಂದು ಸೋದರಮಾವನಿಗೆ ಫೋನ್ ಮಾಡಿ ಅವಳ ಹೆಸರು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ.